-1 ಬಂದರೆಲ್ಲ ಸೋಲಲ್ಲ

ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ಡೆಮೊದಲ್ಲಿ ನನ್ನ ಸರ್ವರ್ ಸರಿಯಾಗಿ ಒಂದು ನಿಮಿಷಕ್ಕೆ ನಿಂತುಹೋಯಿತು. ಮತ್ತೆ ಓಡಿಸಿದೆ. ಮತ್ತೆ ಒಂದೇ ನಿಮಿಷ. ಹಾಸ್ಟೆಲ್‌ನಲ್ಲಿ ಹತ್ತಾರು ಸಲ ಪರೀಕ್ಷಿಸಿದ್ದೆ, ಆದರೆ ಒಂದು ಸಲವೂ ಪೂರ್ತಿ ನಿಮಿಷ ಓಡಲು ಬಿಟ್ಟಿರಲಿಲ್ಲ!

60 ಸೆಕೆಂಡಿಗೊಮ್ಮೆ ಅಲಾರಂ ಸಿಗ್ನಲ್ ಬರುವಂತೆ ಮಾಡಿದ್ದವನು ನಾನೇ. ‘ಅಕ್ಸೆಪ್ಟ್’ ಕಾಲ್‌ನಲ್ಲಿ ಕಾಯುತ್ತಿದ್ದ ಮುಖ್ಯ ಥ್ರೆಡ್ಡನ್ನು ಕರ್ನಲ್ ಎಬ್ಬಿಸಿ, ಹ್ಯಾಂಡ್ಲರ್ ಓಡಿಸಿ, ಕೈಗೆ -1 ಕೊಟ್ಟಿತು. ಜತೆಗೆ ‘ಇಐಎನ್‌ಟಿಆರ್’ ಎಂಬ ಎರರ್ ಸಂಖ್ಯೆ. ಅದರರ್ಥ ಇಷ್ಟೇ: ಕೆಲಸ ಕೆಟ್ಟಿಲ್ಲ, ನಡುವೆ ಅಡ್ಡಿ ಬಂತು, ಬೇಕಿದ್ದರೆ ಮತ್ತೆ ಕರೆ. ನನ್ನ ಕೋಡ್ -1 ಕಂಡದ್ದೇ ಎಕ್ಸಿಟ್ ಆಯಿತು.

ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ನಮ್ಮ ಲ್ಯಾಬ್ ರೆಕಾರ್ಡ್ ತೆರೆದು ನೋಡಿ. ಅಲ್ಲಿ ಪ್ರತಿ ಸಿಸ್ಟಂ ಕಾಲ್ ಹೋದದ್ದು ಹಾಗೇ ಗೆದ್ದು ಬರುತ್ತದೆ. ರಿಟರ್ನ್ ವ್ಯಾಲ್ಯೂ ನೋಡುವ ಸಾಲೇ ಇಲ್ಲ.

‘ವೈಲ್ ಲೂಪ್ ಹಾಕಿ ಮತ್ತೆ ಕರೆದರಾಯಿತು’ ಎಂದು ಸೀನಿಯರ್ ಒಬ್ಬರು ಹೇಳಿದರು. ಅಕ್ಸೆಪ್ಟ್‌ಗೆ ಸರಿ. ಸಿಗ್ಯಾಕ್ಷನ್‌ನಲ್ಲಿ ‘ಎಸ್‌ಎ ರೀಸ್ಟಾರ್ಟ್’ ಫ್ಲ್ಯಾಗ್ ಹಾಕಿದ್ದರೆ ಲೂಪ್ ಕೂಡ ಬೇಕಿರಲಿಲ್ಲ. ಆದರೆ ಪೋಲ್, ಸೆಲೆಕ್ಟ್‌ಗಳು ಆ ಫ್ಲ್ಯಾಗಿಗೆ ಸೊಪ್ಪು ಹಾಕುವುದಿಲ್ಲ. ಇನ್ನು ‘ಕ್ಲೋಸ್’ ಅಂತೂ ಅಪಾಯಕಾರಿ. ಲಿನಕ್ಸ್‌ನಲ್ಲಿ ಕ್ಲೋಸ್‌ಗೆ ಅಡ್ಡಿ ಬಂದರೂ ಫೈಲ್ ಡಿಸ್ಕ್ರಿಪ್ಟರ್ ಅಷ್ಟರಲ್ಲಿ ಬಿಡುಗಡೆಯಾಗಿರುತ್ತದೆ. 5ನೇ ಡಿಸ್ಕ್ರಿಪ್ಟರನ್ನು ನೀವು ಎರಡನೇ ಸಲ ಮುಚ್ಚುವ ಮೊದಲೇ ಇನ್ನೊಂದು ಥ್ರೆಡ್ ಹೊಸ ಫೈಲ್ ತೆರೆದು ಅದೇ 5ನ್ನು ಪಡೆದಿರಬಹುದು. ಆಗ ನೀವು ಮುಚ್ಚುವುದು ಅದರ ಫೈಲನ್ನು! ಎರರ್ ಕೂಡ ಬರುವುದಿಲ್ಲ.

ಥ್ರೆಡ್‌ಗಳು ಹೆಚ್ಚಿದಷ್ಟೂ ಗೊಂದಲ. ಪ್ರೊಸೆಸ್‌ಗೆ ಬಂದ ಸಿಗ್ನಲ್ಲನ್ನು ಬ್ಲಾಕ್ ಮಾಡಿರದ ಯಾವ ಥ್ರೆಡ್‌ಗೆ ಬೇಕಾದರೂ ಕರ್ನಲ್ ಕೊಡಬಹುದು. ಹಾಗಾಗಿ ನಾನೀಗ ಥ್ರೆಡ್‌ಗಳನ್ನು ಹುಟ್ಟಿಸುವ ಮೊದಲೇ ‘ಪಿಥ್ರೆಡ್ ಸಿಗ್‌ಮಾಸ್ಕ್’ನಿಂದ ಸಿಗ್ನಲ್ ಬ್ಲಾಕ್ ಮಾಡಿ, ‘ಸಿಗ್‌ವೇಟ್’ ಕರೆದು ಕಾಯುವುದಕ್ಕೇ ಒಂದು ಥ್ರೆಡ್ ಇಟ್ಟಿದ್ದೇನೆ. ಉಳಿದವು ನೆಮ್ಮದಿಯಾಗಿವೆ.

‘ಪೈಥಾನ್ ಇದ್ದಾಗ ಇದೆಲ್ಲ ಯಾಕೆ?’ ಎಂದು ಗೆಳೆಯರು ನಗುತ್ತಾರೆ. 2015ರ 3.5 ಆವೃತ್ತಿಯಿಂದ ಪೈಥಾನ್ ತಾನೇ ಮತ್ತೆ ಕರೆಯುತ್ತದೆ, ನಿಜ. ಯಾರೋ ಈ ತಲೆನೋವನ್ನು ಸಿ ಭಾಷೆಯಲ್ಲಿ ಕೂತು ಬಗೆಹರಿಸಿದ್ದರಿಂದ ತಾನೇ?

ಪ್ಲೇಸ್‌ಮೆಂಟ್‌ಗೆಂದು ಪ್ರೊಸೆಸ್‌ಗೂ ಥ್ರೆಡ್‌ಗೂ ಇರುವ ವ್ಯತ್ಯಾಸವನ್ನು ನಾವೆಲ್ಲ ಉರು ಹೊಡೆದಿದ್ದೇವೆ. ಅದರ ಜತೆ ಲ್ಯಾಬಿನಲ್ಲಿ ಒಂದೇ ಒಂದು ಪ್ರಯೋಗ ಸೇರಿಸಲಿ: ಪ್ರೋಗ್ರಾಂ ಓಡುತ್ತಿರುವಾಗ ಪಕ್ಕದ ಟರ್ಮಿನಲ್‌ನಿಂದ ‘ಕಿಲ್’ ಕಮಾಂಡ್ ಬಳಸಿ ಸಿಗ್ನಲ್ ಕಳಿಸಿ, ಏನಾಗುತ್ತದೆ ಎಂದು ರೆಕಾರ್ಡ್‌ನಲ್ಲಿ ಬರೆಯುವುದು. ಹತ್ತು ನಿಮಿಷ ಸಾಕು.