ಗ್ರಾಫಿಕ್ಸ್ ಕಾರ್ಡ್‌ಗಳ ಓವರ್‌ಕ್ಲಾಕಿಂಗ್: ಉಳಿದಿರುವ ಅವಕಾಶವೆಷ್ಟು?

ಕಂಪ್ಯೂಟರ್ ಆಟಗಳ ಗ್ರಾಫಿಕ್ಸ್ ಕಾರ್ಡನ್ನು ತಯಾರಕರು ನಿಗದಿಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದೇ ಓವರ್‌ಕ್ಲಾಕಿಂಗ್. ಹಿಂದೆ ಅಗ್ಗದ ಕಾರ್ಡ್ ಕೊಂಡು ದುಬಾರಿ ಕಾರ್ಡ್‌ನ ವೇಗ ಪಡೆಯುವ ಉಪಾಯವೆಂದೇ ಇದು ಹೆಸರಾಗಿತ್ತು. ಇಂದಿನ ಉನ್ನತ ಶ್ರೇಣಿಯ ಕಾರ್ಡ್‌ಗಳಲ್ಲಿ ಆ ಲಾಭವನ್ನು ಬಹುಮಟ್ಟಿಗೆ ತಯಾರಕರೇ ಮೊದಲೇ ಬಳಸಿಕೊಂಡಿರುತ್ತಾರೆ ಎಂಬುದು ಗಮನಾರ್ಹ.

2025ರ ಜನವರಿಯಲ್ಲಿ ಬಿಡುಗಡೆಯಾದ ಎನ್ವಿಡಿಯಾದ ಆರ್‌ಟಿಎಕ್ಸ್ 5090 ಇದಕ್ಕೆ ನಿದರ್ಶನ. ಭಾರತದಲ್ಲಿ ಅದರ ಆರಂಭಿಕ ಬೆಲೆ 2,14,000 ರೂಪಾಯಿ. ವಿದ್ಯುತ್ ಬಳಕೆ 575 ವ್ಯಾಟ್. ಅದಕ್ಕೆ ವಿದ್ಯುತ್ ಒದಗಿಸುವ ಕನೆಕ್ಟರ್‌ನ ಮಿತಿ 600 ವ್ಯಾಟ್. ಅಂದರೆ ಉಳಿದಿರುವುದು ಕೇವಲ 25 ವ್ಯಾಟ್. 2022ರಲ್ಲಿ 450 ವ್ಯಾಟ್‌ನ 4090 ಕಾರ್ಡ್‌ಗಳ ಕನೆಕ್ಟರ್‌ಗಳು ಕರಗಿದ ಪ್ರಕರಣಗಳು ವರದಿಯಾಗಿದ್ದವು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

1,07,000 ರೂಪಾಯಿಗೆ ಬಿಡುಗಡೆಯಾದ 5080ರ ಸ್ಥಿತಿ ಭಿನ್ನ. 360 ವ್ಯಾಟ್ ಬಳಸುವ ಈ ಕಾರ್ಡ್‌ನ ಅಧಿಕೃತ ಬೂಸ್ಟ್ ವೇಗ 2617 ಮೆಗಾಹರ್ಟ್ಸ್. ಸ್ವತಂತ್ರ ಪರೀಕ್ಷೆಗಳಲ್ಲಿ ಇದು 3000 ಮೆಗಾಹರ್ಟ್ಸ್ ದಾಟಿದೆ. ಎಎಮ್‌ಡಿಯ 304 ವ್ಯಾಟ್‌ನ ಆರ್‌ಎಕ್ಸ್ 9070 ಎಕ್ಸ್‌ಟಿ ಕಾರ್ಡ್‌ನಲ್ಲಿ ದಾರಿಯೇ ಬೇರೆ: ವೋಲ್ಟೇಜ್ ಇಳಿಸಿದರೆ ಅದೇ ವಿದ್ಯುತ್ ಮಿತಿಯೊಳಗೆ ವೇಗ ಹೆಚ್ಚುತ್ತದೆ. ಆದರೆ ಒಂದೇ ಮಾದರಿಯ ಎರಡು ಚಿಪ್‌ಗಳೂ ಸಮನಾಗಿರುವುದಿಲ್ಲ. ಒಬ್ಬರಿಗೆ ದಕ್ಕಿದ ವೇಗ ಇನ್ನೊಬ್ಬರಿಗೆ ದಕ್ಕೀತೆಂಬ ಖಾತರಿಯಿಲ್ಲ.

ಇದರ ಹಿಂದಿನ ಲೆಕ್ಕ ಸರಳ. ಚಿಪ್ ಬಳಸುವ ವಿದ್ಯುತ್ತು ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿ ಏರುತ್ತದೆ. ವೇಗವನ್ನು ಶೇ. 10ರಷ್ಟು ಹೆಚ್ಚಿಸಲು ವೋಲ್ಟೇಜನ್ನು ಶೇ. 5ರಷ್ಟು ಏರಿಸಬೇಕಾದರೆ ವಿದ್ಯುತ್ ಬಳಕೆ ಸುಮಾರು ಶೇ. 21ರಷ್ಟು ಹೆಚ್ಚುತ್ತದೆ. ಅಷ್ಟೂ ಕೊನೆಗೆ ಕೋಣೆಯ ಶಾಖವಾಗುತ್ತದೆ.

ಪರೀಕ್ಷಾ ಪ್ರಯೋಗಾಲಯದ ಹವಾನಿಯಂತ್ರಿತ ಕೋಣೆಯ ಅಂಕಿಅಂಶಗಳನ್ನು ಗದಗ ಜಿಲ್ಲೆಯ ಶಿಗ್ಲಿಯಂಥ ಊರಿಗೆ ಹಾಗೆಯೇ ಅನ್ವಯಿಸಲಾಗದು. ಬಯಲುಸೀಮೆಯ ಬೇಸಿಗೆಯಲ್ಲಿ ಕೋಣೆಯ ತಾಪ 10 ಡಿಗ್ರಿ ಹೆಚ್ಚಿದ್ದರೆ ಚಿಪ್‌ನ ತಾಪವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಮಿತಿ ಮುಟ್ಟಿದೊಡನೆ ಕಾರ್ಡ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಮಗ್ಗದ ವೇಗ ಹೆಚ್ಚಿಸಿದಷ್ಟೂ ಎಳೆ ಹರಿದು ನೇಯ್ಗೆ ನಿಲ್ಲುತ್ತದೆಂಬುದು ನೇಕಾರರ ಈ ಊರಿಗೆ ಹೊಸ ಪಾಠವೇನಲ್ಲ.

ವಿದ್ಯುತ್ ಬಿಲ್ಲಿನ ಪ್ರಶ್ನೆಯೂ ಇದೆ. ದಿನಕ್ಕೆ 4 ಗಂಟೆ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ 5090 ಒಂದೇ ತಿಂಗಳಿಗೆ 69 ಯೂನಿಟ್, 5080 ಸುಮಾರು 43 ಯೂನಿಟ್ ಬಳಸುತ್ತವೆ. ಉಳಿದ ಕಂಪ್ಯೂಟರಿನ ಬಳಕೆ ಬೇರೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮಾಸಿಕ ಬಳಕೆ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ ಕಟ್ಟಬೇಕು. ಆಟದ ವೇಗಕ್ಕೆ ಮನೆಮಂದಿಯ ಉಚಿತ ವಿದ್ಯುತ್ತೇ ಬೆಲೆಯಾಗಬಹುದು.

ಹೀಗಾಗಿ ವೇಗದ ಅಂಕಿಯೊಂದನ್ನೇ ನೋಡಿ ಕಾರ್ಡ್‌ಗಳನ್ನು ಹೋಲಿಸುವುದು ಅಪೂರ್ಣ. 5090ರ ವಿದ್ಯುತ್ ಮಿತಿಯನ್ನು ಶೇ. 80ಕ್ಕೆ ಇಳಿಸಿದರೆ 115 ವ್ಯಾಟ್ ಉಳಿಯುತ್ತದೆ. ಆಟದ ವೇಗದಲ್ಲಾಗುವ ನಷ್ಟ ಸಾಮಾನ್ಯವಾಗಿ ಶೇ. 10ಕ್ಕಿಂತ ಕಡಿಮೆ. ಏರಿಸಲು ಅವಕಾಶವಿರುವ 5080ರಲ್ಲೂ ಆ ಪ್ರಯತ್ನ ಚಳಿಗಾಲಕ್ಕೆ ಸೀಮಿತವಾಗಿದ್ದರೆ ಒಳಿತು. ರಾಜ್ಯದ ಬಿಸಿಲೂರುಗಳ ಬಳಕೆದಾರರಿಗೆ ನಿಜವಾದ ಲಾಭ ಏರಿಸುವುದರಲ್ಲಿಲ್ಲ, ಅಳತೆಯರಿತು ಇಳಿಸುವುದರಲ್ಲಿದೆ.