ರಾಗಿ ಬೆಳೆದವನ ಮನೆಗೆ ಪ್ಯಾಕೆಟ್ ಹಿಟ್ಟು

ಒಂದ್ಸಲ ನಿಮ್ಮ ಅಡುಗೆಮನೆಗೆ ಹೋಗಿ ನೋಡಿ. ಮುದ್ದೆಗೆ ಹಾಕುವ ಹಿಟ್ಟು ನಿಮ್ಮ ಹೊಲದ್ದೋ, ಅಂಗಡಿ ಪ್ಯಾಕೆಟ್ಟಿನದೋ? 2022ರ ಬೇಸಿಗೆಯಲ್ಲಿ ನನ್ನ ಮನೆಗೆ ಪ್ಯಾಕೆಟ್ಟು ಬಂತು. ರಾಗಿ ಬೆಳೆದವನು ನಾನು. ಹೇಳೋಕೆ ನಾಚಿಕೆ, ಆದರೂ ಹೇಳ್ತೀನಿ.

2021-22ರ ಬೆಂಬಲ ಬೆಲೆ ಕ್ವಿಂಟಲಿಗೆ 3,377 ರೂಪಾಯಿ. ಪಹಣಿ, ಆಧಾರ್ ಹಿಡಿದು ಖರೀದಿ ಕೇಂದ್ರಕ್ಕೆ ಹೋಗುವಷ್ಟರಲ್ಲಿ ನೋಂದಣಿ ಮುಗಿದಿತ್ತು. ಇತ್ತ ಸೊಸೈಟಿ ಕಂತು, ಅತ್ತ ಗೊಬ್ಬರದಂಗಡಿಯ ಉದ್ರಿ. ಕಣದಲ್ಲೇ ವ್ಯಾಪಾರಿಗೆ 2,000ದಂತೆ ಹತ್ತು ಕ್ವಿಂಟಲ್ ತೂಗಿಕೊಟ್ಟೆ. ಅಲ್ಲಿಗೆ 13,770 ರೂಪಾಯಿ ಹೋಯ್ತು. ಮನೆಗೆ ಅಂತ ಇಟ್ಟುಕೊಂಡದ್ದು ಯುಗಾದಿಗೇ ಮುಗೀತು. ಆಮೇಲೆ ಪೇಟೆಯಿಂದ ತಂದ ಹಿಟ್ಟು ಕಿಲೋಗೆ 45 ರೂಪಾಯಿ. 20 ರೂಪಾಯಿಗೆ ಕೊಟ್ಟದ್ದು 45ಕ್ಕೆ ವಾಪಸು ಬಂತು!

ವೈಜ್ಞಾನಿಕ ಬೆಲೆ ಕೇಳೋದನ್ನ ಬಿಡಿ ಅಂತ ನಾನು ಹೇಳ್ತಿಲ್ಲ. 2025-26ಕ್ಕೆ 4,886 ಅಂತ ಘೋಷಿಸಿದರು. ಘೋಷಣೆ ಬಂದು ಮೂಟೆ ಎತ್ತೋದಿಲ್ಲ, ಕೊಳ್ಳುವವನು ಬೇಕು. ಆ ಕೊಳ್ಳುವವನು ನಮ್ಮ ಊರಲ್ಲೇ ಇದ್ದಾನೆ. ನಮ್ಮ ಹೊಲದಲ್ಲಿ ಕಳೆ ತೆಗೆಯುವ, ಕೊಯ್ಲು ಮಾಡುವ, ತುಂಡು ಜಮೀನೂ ಇಲ್ಲದ ಮನೆಯವರು. ಅವರೂ ಅದೇ 45ರ ಹಿಟ್ಟು ತರುತ್ತಿದ್ದರು. ಕೂಲಿಯಾಳು ಸಿಗೋದಿಲ್ಲ ಅಂತ ಅರಳಿಕಟ್ಟೆ ಮೇಲೆ ಕೂತು ಬೈತೀವಲ್ಲ, ಅವರ ಮನೆ ಹಿಟ್ಟಿನ ಬೆಲೆ ಯಾವತ್ತಾದರೂ ಕೇಳಿದ್ದೀವಾ?

ಲೆಕ್ಕ ಹಾಕಿ. ಬೆಂಬಲ ಬೆಲೆಯನ್ನೇ ಹಿಡಿದರೂ ಆ ವರ್ಷ ರಾಗಿ ಕಿಲೋಗೆ ಹೆಚ್ಚುಕಡಿಮೆ 34 ರೂಪಾಯಿ. ಊರ ಮಿಲ್ಲಿನ ಬೀಸುವ ಕೂಲಿ ಮೂರ್ನಾಲ್ಕು ರೂಪಾಯಿ ಸೇರಿಸಿ. ನಮಗೆ ಪೂರ್ತಿ ಬೆಲೆ, ಅವರಿಗೆ ಕಿಲೋಗೆ ಏಳು ರೂಪಾಯಿ ಉಳಿತಾಯ. ಇದಕ್ಕೆ ಯಾವ ಮಂತ್ರಿಯ ಸಹಿಯೂ ಬೇಕಿರಲಿಲ್ಲ.

ನಮ್ಮ ತಾತಂದಿರು ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದರು. ಗಾಳಿಯಾಡದಂತೆ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಬೀಳದೆ ಇರುತ್ತಿತ್ತು. (ತೆಗೆದ ಕೂಡಲೇ ಒಳಗಿಳಿದರೆ ಉಸಿರು ಕಟ್ಟುತ್ತೆ ಅಂತ ಮೊದಲು ದೀಪ ಇಳಿಬಿಟ್ಟು ನೋಡೋರು.) ಈಗ ಹಗೇವು ತೋಡಬೇಕಾಗಿಲ್ಲ, ಸೊಸೈಟಿ ಗೋದಾಮಿನ ಒಂದು ಮೂಲೆ ಸಾಕು. ರಾಗಿ ಬೆಳೆದವರು ಎಕರೆಗೆ ಒಂದು ಮೂಟೆ ಅಲ್ಲಿ ಇಡಲಿ. ಅದರ ಮೇಲೆ ಸೊಸೈಟಿ ಅರ್ಧ ಹಣ ಕೈಗೆ ಕೊಡಲಿ, ಕಂತು ಕಟ್ಟೋಣ. ಮಾಲು ಅಡವಿಟ್ಟು ಸಾಲ ಕೊಡುವ ಪದ್ಧತಿ ಎಪಿಎಂಸಿಯಲ್ಲಿ ಇದ್ದೇ ಇದೆ, ಊರಲ್ಲೇ ಕೊಡಿ ಅಂತ ಕೇಳೋಣ. ರಾಗಿ ಊರಲ್ಲೇ ಖರ್ಚಾದರೆ ಹೊಲಕ್ಕೂ ಒಳ್ಳೇದು. ಮನೆಗೆ ಉಣ್ಣೋಕೆ ಬೆಳೆಯುವವನು ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿಡೋದಿಲ್ಲ. ಹುಲ್ಲು ಅಂತೂ ದನಕ್ಕೆ ಸಿಗುತ್ತೆ.

ಕಷ್ಟದ ಮಾತು ಈಗ ಬರುತ್ತೆ. ಬೆಲೆ ಗೊತ್ತುಮಾಡುವಾಗ ಜಮೀನಿಲ್ಲದವರೂ ಕಟ್ಟೆ ಮೇಲೆ ಕೂರಬೇಕು, ಕೆಳಗೆ ನಿಂತಲ್ಲ. ಮಳೆ ಕೈಕೊಟ್ಟ ವರ್ಷ ಹೊರಗೆ ಬೆಲೆ ಏರಿದಾಗ ಕಣಜದ ಮೂಟೆ ಹೊತ್ತುಕೊಂಡು ಮಂಡಿಗೆ ಓಡಬಾರದು. ಅವರು ನಮ್ಮನ್ನ ನಂಬಬೇಕಾದರೆ ಇವೆರಡೂ ನಡೀಬೇಕು. ನಮ್ಮೂರ ಸಭೆಯಲ್ಲಿ ಈ ಮಾತು ಬಂದಾಗ ನಾಲ್ಕು ಜನ ಎದ್ದು ಹೋದರು. ಕೂತವರಲ್ಲಿ ಹನ್ನೊಂದು ಮನೆಯವರು ಹೆಸರು ಬರೆಸಿದರು, ನನ್ನದು ಮೂರು ಮೂಟೆ. ಎದ್ದು ಹೋದವರ ಮನೆಗೆ ಈ ವಾರ ಹೋಗ್ತಿದ್ದೀವಿ.