ಬಿಳಿ ನೊಣಕ್ಕೆ ಪಾಸ್‌ಪೋರ್ಟ್ ಬೇಡ, ಕಣಜಕ್ಕೆ ಬೇಕು!

ತುರುವೇಕೆರೆಯಿಂದ ತಿಪಟೂರಿಗೆ ಬಸ್ಸಿನಲ್ಲಿ ಬರುವವರು ಕಿಟಕಿಯಾಚೆ ನೋಡಿದರೆ ಸಾಕು, ವಿಷಯ ಗೊತ್ತಾಗುತ್ತೆ. ತೆಂಗಿನ ಗರಿಯ ಮೇಲೆ ಕಾಡಿಗೆ ಬಳಿದ ಹಾಗೆ ಕಪ್ಪು. ಗರಿ ತಿರುಗಿಸಿದರೆ ಕೆಳಗೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ. ಬಿಳಿ ನೊಣ ರಸ ಹೀರುತ್ತೆ, ಅದು ಸುರಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಕಟ್ಟುತ್ತೆ, ಗರಿಗೆ ಬಿಸಿಲು ತಾಗದೆ ಮರ ಸೊರಗುತ್ತೆ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ಪೇಟೆಯಲ್ಲಿ ಅಷ್ಟು ಕೊಡುವವರಿಲ್ಲದೆ ರೈತ ಗೋಳಾಡಿದ. 2025ರಲ್ಲಿ ಅದೇ ತಿಪಟೂರು ಎಪಿಎಂಸಿ ಯಾರ್ಡಿನಲ್ಲಿ ರೇಟು 25 ಸಾವಿರ ದಾಟಿತು. ಆದರೆ ಏನು ಬಂತು? ರೇಟು ಬಂದಾಗ ಬಹಳ ಮನೆಗಳ ಅಟ್ಟದಲ್ಲಿ ಕೊಬ್ಬರಿಯೇ ಇರಲಿಲ್ಲ.

ಈ ನೊಣ ನಮ್ಮ ಸೀಮೆಯದಲ್ಲ. ಮಧ್ಯ ಅಮೆರಿಕದ ಬೆಲೀಜ್ ಎಂಬ ಪುಟ್ಟ ದೇಶದಲ್ಲಿ ಸಿಕ್ಕ ಈ ಹುಳುವಿಗೆ ವಿಜ್ಞಾನಿಗಳು ಹೆಸರಿಟ್ಟದ್ದು 2004ರಲ್ಲಿ. 2009ಕ್ಕೆ ಅಮೆರಿಕದ ಫ್ಲಾರಿಡಾ. 2016ಕ್ಕೆ ಪೊಳ್ಳಾಚಿ! ಅಲ್ಲಿಂದ ಕೇರಳ, ನಮ್ಮ ಕರಾವಳಿ, ಆಮೇಲೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ಯಾವ ಕಸ್ಟಮ್ಸ್ ಅಧಿಕಾರಿಯೂ ತಡೆದು ಕೇಳಲಿಲ್ಲ. ಅದಕ್ಕೂ ಮುಂಚೆ ಕಾಯಿಯ ತೊಟ್ಟಿನಡಿ ಸೇರಿ ಸಿಪ್ಪೆ ಸುಟ್ಟಂತೆ ಮಾಡಿದ ನುಸಿಯೂ ಹೀಗೇ ಬಂದದ್ದು. ಅದನ್ನು ಮೊದಲು ಗುರುತಿಸಿದ್ದು 1965ರಲ್ಲಿ, ಮೆಕ್ಸಿಕೋದಲ್ಲಿ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ನಮ್ಮ ತೋಟಕ್ಕೂ ಇಳಿಯಿತು. ಬೇರಿಗೆ ಔಷಧಿ ಕಟ್ಟಿ ಕಟ್ಟಿ ಸುಸ್ತಾದವರು ಈಗಲೂ ಹಳ್ಳಿ ಹಳ್ಳಿಯಲ್ಲಿ ಸಿಗುತ್ತಾರೆ.

ಇಂಥ ಹುಳುಗಳು ತಮ್ಮ ಸ್ವಂತ ಊರಿನಲ್ಲಿ ಇಷ್ಟು ಹಾವಳಿ ಮಾಡುವುದಿಲ್ಲ. ಅಲ್ಲಿ ಅವುಗಳನ್ನು ತಿನ್ನುವ ವೈರಿಗಳಿರುತ್ತವೆ. ಮುಖ್ಯವಾಗಿ ಸಾಸಿವೆ ಕಾಳಿಗಿಂತ ಚಿಕ್ಕ ಕಣಜ. ಕಣಜ ಅಂದರೆ ರಾಗಿ ತುಂಬುವ ಕಣಜ ಅಲ್ಲ, ಕಚ್ಚುವ ಕಣಜದ ಜಾತಿಯ ಹುಳು. ಇದು ಮನುಷ್ಯರ ತಂಟೆಗೆ ಬರಲ್ಲ. ಪೀಡೆಯ ಮರಿಯೊಳಗೆ ಮೊಟ್ಟೆ ಇಡುತ್ತೆ, ಒಳಗಿಂದಲೇ ತಿಂದು ಮುಗಿಸುತ್ತೆ. ಪೀಡೆ ಕಳ್ಳದಾರಿಯಲ್ಲಿ ಬರುತ್ತೆ. ಕಣಜವನ್ನು ತರಬೇಕಾದರೆ ಮಾತ್ರ ಎರಡು ದೇಶಗಳ ಸರ್ಕಾರ ಒಪ್ಪಬೇಕು, ಪರವಾನಗಿ ಬೇಕು, ನಮ್ಮ ಉಪಕಾರಿ ಹುಳುಗಳಿಗೆ ಕೇಡಿಲ್ಲವೆಂದು ಬಾಗಿಲು ಮುಚ್ಚಿದ ಪ್ರಯೋಗಾಲಯದಲ್ಲಿ ಸಾಬೀತಾಗಬೇಕು. ಎಲ್ಲದಕ್ಕೂ ದುಡ್ಡು ಬೇಕು. ಈ ಕೆಲಸ ನಡೆಯುವುದು ದೂರದ ದೆಹಲಿಯಲ್ಲಲ್ಲ, ಬೆಂಗಳೂರಿನ ಹೆಬ್ಬಾಳದಲ್ಲಿ. ಈಗ ಅದರ ಹೆಸರು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ.

ರಸ್ತೆ ಬದಿಯ ಕಾಂಗ್ರೆಸ್ ಗಿಡ ಎಲ್ಲರಿಗೂ ಗೊತ್ತು. ಅಮೆರಿಕ ಪಿ.ಎಲ್. 480 ಯೋಜನೆಯಲ್ಲಿ ಕಳಿಸಿದ ಗೋಧಿಯ ಮೂಟೆಯಲ್ಲಿ ಅದರ ಬೀಜ ಬಂತು ಅನ್ನೋ ಮಾತಿದೆ. ತಮಾಷೆ ಏನಪ್ಪಾ ಅಂದರೆ, ಅದೇ ಗೋಧಿ ಮಾರಿದ ರೂಪಾಯಿಯಲ್ಲಿ ಒಂದು ಪಾಲು ನಮ್ಮ ಕೃಷಿ ಸಂಶೋಧನೆಗೂ ಖರ್ಚಾಯಿತು. ಆ ಗಿಡ ತಿನ್ನುವ ದುಂಬಿಯನ್ನು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮೆಕ್ಸಿಕೋದಿಂದ ತರಿಸಿದ್ದು 1983ರಲ್ಲಿ. ಮಳೆಗಾಲದಲ್ಲಿ ಗಿಡ ಬೋಳಾಗಿ ನಿಂತಿದ್ದು ಕಂಡರೆ ಅದು ಆ ದುಂಬಿಯ ಕೆಲಸವೇ ಇರಬಹುದು.

ದೊಡ್ಡ ಗೆಲುವು ಮಾತ್ರ ಪರಂಗಿ ತೋಟದ್ದು. 2008ರಲ್ಲಿ ಕೊಯಮತ್ತೂರಿನಲ್ಲಿ ಹೊಸ ಹಿಟ್ಟು ತಿಗಣೆ ಕಾಣಿಸಿತು. ಪರಂಗಿ, ಮರಗೆಣಸು, ಹಿಪ್ಪುನೇರಳೆ ಯಾವುದನ್ನೂ ಬಿಡಲಿಲ್ಲ. ರೇಷ್ಮೆ ಬೆಳೆಗಾರರು ಸೊಪ್ಪು ಕಿತ್ತು ಬಿಸಾಡಿದರು. ಔಷಧಿ ಹೊಡೆದಷ್ಟೂ ಹೆಚ್ಚಿತು. ಅಮೆರಿಕದ ಕೃಷಿ ಇಲಾಖೆ ಪೋರ್ಟೊರಿಕೊದಲ್ಲಿ ಸಾಕುತ್ತಿದ್ದ ಮೂರು ಜಾತಿ ಕಣಜ 2010ರಲ್ಲಿ ಹೆಬ್ಬಾಳಕ್ಕೆ ಬಂದಿಳಿದವು. ಅದೇ ವರ್ಷ ಅಕ್ಟೋಬರಿನಲ್ಲಿ ತೋಟಕ್ಕೆ ಬಿಟ್ಟರು. ವರ್ಷ ಕಳೆಯುವುದರೊಳಗೆ ತಿಗಣೆ ಅಡಗಿತು. ನಡುವೆ ನಿಂತು ಕೈ ಕೂಡಿಸಿದ್ದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಡಾ. ಮುನಿಯಪ್ಪನ್ ನಡೆಸುತ್ತಿದ್ದ ಯೋಜನೆ, ಅದಕ್ಕೆ ದುಡ್ಡು ಕೊಟ್ಟದ್ದು ಅಮೆರಿಕ ಸರ್ಕಾರದ ಯುಎಸ್‌ಏಡ್. ಐದು ವರ್ಷದಲ್ಲಿ ಭಾರತಕ್ಕೆ ಆದ ಲಾಭ ಕಡಿಮೆ ಅಂದರೂ 50 ಕೋಟಿ ಡಾಲರ್ ಎಂದು ಆಮೇಲೆ ಲೆಕ್ಕ ಹಾಕಿದರು. ಲೆಕ್ಕ ಹಾಕಿದವರು ಅದೇ ವಿಶ್ವವಿದ್ಯಾಲಯದವರು ಎಂಬುದನ್ನು ನೆನಪಿಟ್ಟು, ಅರ್ಧ ಮಾಡಿ ನೋಡಿದರೂ ಅದು ಚಿಲ್ಲರೆ ಹಣವಲ್ಲ.

ಈಗ ಆ ಯುಎಸ್‌ಏಡ್ ಇಲ್ಲ. ಟ್ರಂಪ್ ಸರ್ಕಾರ 2025ರ ಜನವರಿಯಲ್ಲಿ ಅದರ ಹಣ ತಡೆಹಿಡಿಯಿತು, ಜುಲೈ 1ಕ್ಕೆ ಅಂಗಡಿಯನ್ನೇ ಎಳೆದುಕೊಂಡಿತು. ಅವರ ದುಡ್ಡು, ಅವರಿಷ್ಟ, ಜಗಳ ಆಡುವಂತಿಲ್ಲ. ಆದರೆ ನಮ್ಮ ತೋಟದ ಭದ್ರತೆ ಇನ್ನೊಂದು ದೇಶದ ಒಂದು ಸಹಿಯ ಮೇಲೆ ನಿಲ್ಲುವ ಹಾಗೆ ಬಿಟ್ಟವರು ಯಾರು?

ಬೇರೆ ದಾರಿ ಇಲ್ಲವೇ ಅಂದರೆ ಇದೆ. ಫ್ರಾನ್ಸ್ ಜತೆ 1987ರಲ್ಲೇ ಜಂಟಿ ಸಂಶೋಧನಾ ಕೇಂದ್ರವೊಂದು ಆಯಿತು, ಎರಡೂ ಸರ್ಕಾರ ದುಡ್ಡು ಹಾಕುತ್ತವೆ. ಗುಂಡ್ಲುಪೇಟೆ ಹತ್ತಿರದ ಬೇರಂಬಾಡಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರೆಂಚರೂ ವರ್ಷಗಟ್ಟಲೆ ಕೊಳವೆ ಬಾವಿಗಳ ನೀರು ಅಳೆದದ್ದು ಇಂಥ ಹಣದಲ್ಲೇ. ಹಿಟ್ಟು ತಿಗಣೆಯ ಇನ್ನೊಂದು ಜಾತಿ 2020ರಲ್ಲಿ ಮರಗೆಣಸಿಗೆ ಬಿದ್ದಾಗ, ಹೆಬ್ಬಾಳದವರೇ ಆಫ್ರಿಕಾದ ಬೆನಿನ್‌ನಿಂದ ಕಣಜ ತರಿಸಿ 2022ರಲ್ಲಿ ತಮಿಳುನಾಡಿನ ತೋಟಗಳಿಗೆ ಬಿಟ್ಟರು. ಅಂದರೆ ನಮ್ಮವರಿಗೆ ಕೆಲಸ ಬರುತ್ತೆ. ಬೇಕಾದ್ದು ಪೀಡೆ ಬಂದ ಮೇಲೆ ಫೈಲು ಬಿಚ್ಚುವುದಲ್ಲ, ಪ್ರತಿ ವರ್ಷ ಎತ್ತಿಡುವ ದುಡ್ಡು.

ತೆಂಗಿನ ವಿಷಯದಲ್ಲಿ ನಾವು ಈವರೆಗೆ ಬದುಕಿದ್ದು ಅದೃಷ್ಟದಿಂದ. ಬಿಳಿ ನೊಣದ ವೈರಿ ಕಣಜವನ್ನು ಯಾರೂ ತರಿಸಲಿಲ್ಲ. ಎನ್ಕಾರ್ಸಿಯಾ ಅನ್ನೋ ಆ ಕಣಜ ತಾನಾಗಿಯೇ ಹಿಂದೆ ಬಂದು ತೋಟದಲ್ಲಿ ಕೂತಿತ್ತು, ನಮ್ಮ ವಿಜ್ಞಾನಿಗಳು ಕಂಡು ಹಿಡಿದರು. ಅದಿರುವ ತೋಟದಲ್ಲಿ ನೊಣದ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಯುವುದೂ ಉಂಟು. ನುಸಿಗೆ ಅಂಥ ನೆಂಟ ಹಿಂದೆ ಬರಲಿಲ್ಲ, ಅದಕ್ಕೇ ಅದು ಇನ್ನೂ ಹೋಗಿಲ್ಲ. ಕಣಜ ಇದ್ದೂ ಬಿಳಿ ನೊಣ ನಮ್ಮಲ್ಲಿ ಯಾಕೆ ಇಷ್ಟು ಹೆಚ್ಚಿತು, ಬೆಲೀಜ್ ಕಡೆ ಇದಕ್ಕೆ ಬೇರೆ ವೈರಿಗಳಿವೆಯೇ? ಹೋಗಿ ಹುಡುಕಿದರೆ ತಾನೇ ಗೊತ್ತಾಗೋದು. ಕೊಚ್ಚಿಯಲ್ಲಿ 1981ರಿಂದ ತೆಂಗು ಅಭಿವೃದ್ಧಿ ಮಂಡಳಿ ಇದೆ. ಯಾರ್ಡಿನಲ್ಲಿ ಕೊಬ್ಬರಿ ಚೀಲದ ಮೇಲೆ ಸೆಸ್ ಕಟ್ಟುವ ವರ್ತಕರಿದ್ದಾರೆ, ವೋಟು ಕೇಳಲು ಬರುವ ಸಂಸದರಿದ್ದಾರೆ. ಬೆಂಬಲ ಬೆಲೆಗೆ ಧರಣಿ ಕೂತಷ್ಟೇ ಗಟ್ಟಿಯಾಗಿ ಈ ಪ್ರಶ್ನೆಯನ್ನೂ ಅವರ ಮುಂದಿಡಬೇಕು.

ಔಷಧಿ ಅಂಗಡಿಯವರಿಗೂ ಒಂದು ಮಾತು. ನೊಣ ಕಂಡ ಕೂಡಲೇ ಕೀಟನಾಶಕ ಕೊಟ್ಟು ಕಳಿಸಿದರೆ ಮೊದಲು ಸಾಯುವುದು ಕಣಜ. ಆಮೇಲೆ ನೊಣ ಇಮ್ಮಡಿಯಾಗಿ ಏಳುತ್ತೆ, ಗಿರಾಕಿ ಮತ್ತೆ ಬರ್ತಾನೆ, ವ್ಯಾಪಾರವೇನೋ ಆಗುತ್ತೆ. ವಿಜ್ಞಾನಿಗಳು ಹೇಳುವುದು ಬೇರೆ: ರಭಸವಾಗಿ ನೀರು ಹಾಯಿಸಿ ಗರಿ ತೊಳೆಯುವುದು, ಹಳದಿ ಅಂಟು ಹಾಳೆ ಕಟ್ಟುವುದು, ಹೆಬ್ಬಾಳದವರು ಬೆಳೆಸಿದ ಐಸೇರಿಯಾ ಶಿಲೀಂಧ್ರ ಸಿಂಪಡಿಸುವುದು. ಕಣಜ ಹೊಕ್ಕ ನೊಣದ ಮರಿ ಕಪ್ಪಗಾಗಿರುತ್ತೆ. ಅಂಥ ಮರಿಗಳಿರುವ ಗರಿಯ ತುಂಡನ್ನು ಕೊಯ್ದು ತಂದು, ಕಣಜ ಇಲ್ಲದ ತೋಟದ ಮರಕ್ಕೆ ಕಟ್ಟಬೇಕು. ಗುರುತು ಸಿಗದವರು ತಿಪಟೂರು ಪಕ್ಕದ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ಗರಿ ಹಿಡಿದು ಹೋಗಿ ಕೇಳಬಹುದು.